ಸರೋವರಗಳಿಗೆ ಅವಸರವಿಲ್ಲ

ಕಾಶ್ಮೀರದ ಸರೋವರ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ದಾಲ್, ಶಿಕಾರ ಮತ್ತು ದೋಣಿಮನೆ. ಶ್ರೀನಗರದಿಂದ ಸುಮಾರು 80 ಕಿ.ಮೀ. ದೂರದ ಸೋನಮರ್ಗ್‌ನ ಬೆಟ್ಟಗಳ ಹಿಂದೆ, ವಾಹನ ಹೋಗದ ಎತ್ತರದಲ್ಲಿ, ಸರೋವರಗಳ ಇನ್ನೊಂದು ಸಾಲೇ ಇದೆ. ವಿಷನ್‌ಸರ್, ಕ್ರಿಷನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್, ನುಂದ್‌ಕೋಲ್. ಇವನ್ನೆಲ್ಲ ಪೋಣಿಸಿಕೊಂಡು ಹೋಗುವ ಸುಮಾರು 70 ಕಿ.ಮೀ. ದಾರಿಯನ್ನು ಚಾರಣಿಗರು ‘ಕಾಶ್ಮೀರ್ ಗ್ರೇಟ್ ಲೇಕ್ಸ್’ ಎಂದು ಕರೆಯುತ್ತಾರೆ. ಏಳು ದಿನದ ನಡಿಗೆ. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ಹೋಗಬಹುದು. ಉಳಿದ ತಿಂಗಳು ಅಲ್ಲಿ ಹಿಮದ್ದೇ ರಾಜ್ಯ.

ಎಂ.ಕಾಂ. ಮುಗಿಸಿದ ವರ್ಷದ ಆಗಸ್ಟ್‌ನಲ್ಲಿ ನಾನು ಮತ್ತು ನನ್ನ ಗೆಳತಿ ಈ ದಾರಿ ಹಿಡಿದೆವು. ಎರಡು ವರ್ಷ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು. ‘ಮೊದಲು ಒಂದು ಕೆಲಸ ಅಂತ ಆಗಲಿ, ಆಮೇಲೆ ತಿರುಗಿ’ ಎಂದು ಎರಡೂ ಮನೆಯಲ್ಲಿ ಹೇಳಿಸಿಕೊಂಡಿದ್ದೆವು. ಚಾರಣವೇನೂ ಹೊಸದಲ್ಲ, ಕುಮಾರ ಪರ್ವತ ಹತ್ತಿ ಬಂದವರು. ಗೆಳತಿಯಂತೂ ಕಾಲೇಜಿನ ಓಟಗಾರ್ತಿ. ನಾನು ಎರಡು ಸುತ್ತಿಗೆ ಏದುಸಿರು ಬಿಟ್ಟರೆ ಆಕೆ ಹತ್ತು ಸುತ್ತು ಓಡಿ ನಗುತ್ತಾ ನಿಲ್ಲುವವಳು. ಹೊರಡುವ ಮೊದಲು ಮೂರು ತಿಂಗಳು ಬೆಳಗ್ಗೆ ಓಟ, ಸಂಜೆ ಬೆನ್ನಿಗೆ ಚೀಲ ಹಾಕಿಕೊಂಡು ಮೆಟ್ಟಿಲು ಹತ್ತಿಳಿಯುವುದು. ಈ ತಯಾರಿ ಕಾಲಿಗೆ, ಎದೆಗೆ ಬಹಳ ಉಪಕಾರ ಮಾಡಿತು. ಆದರೆ ಎತ್ತರದ ಲೆಕ್ಕ ಬೇರೆಯೇ ಇದೆ.

ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಈ ದಾರಿಯ ಅತಿ ಎತ್ತರದ ಜಾಗವಾದ ಗಡ್‌ಸರ್ ಪಾಸ್ ಸುಮಾರು 4,200 ಮೀಟರ್, ಅಂದರೆ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಸಾಲದು. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಶೇ 21ರಷ್ಟೇ. ಆದರೆ ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. 4,200 ಮೀಟರ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ 60ರಷ್ಟು ಮಾತ್ರ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನ ಬೇಕು. ಹೊಂದಿಕೊಳ್ಳುವ ಮೊದಲೇ ಮೇಲೇರಿದರೆ ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ತಲೆಸುತ್ತು ಶುರುವಾಗುತ್ತವೆ. ಇದೇ ಎತ್ತರದ ಕಾಯಿಲೆ. ಓಟಗಾರರಿಗೆ, ಜಿಮ್‌ಗೆ ಹೋಗುವವರಿಗೆ ಇದರಲ್ಲಿ ವಿನಾಯಿತಿ ಇಲ್ಲ. ಯಾರಿಗೆ ಬರುತ್ತದೆ, ಯಾರಿಗಿಲ್ಲ ಎಂದು ಮೊದಲೇ ಹೇಳಲೂ ಆಗದು.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಎಂಬುದು ಪರ್ವತ ವೈದ್ಯರ ಸಲಹೆ. ಈ ದಾರಿಯ ಮೊದಲ ದಿನವೇ ಕಷ್ಟದ್ದು. ಸೋನಮರ್ಗ್ ಬಳಿಯ ಶಿಟ್ಕಡಿಯಿಂದ ನಿಚ್ನೈ ಶಿಬಿರಕ್ಕೆ ಒಂದೇ ದಿನದಲ್ಲಿ ಸುಮಾರು ಸಾವಿರ ಮೀಟರ್ ಏರಬೇಕು. ಮೇಪಲ್, ಭೂರ್ಜ ಮರಗಳ ನಡುವೆ ನಡೆಯುವಾಗ ಗೆಳತಿ ಯಾವಾಗಲೂ ಗುಂಪಿನ ಮುಂದೆ. ‘ಮೆಲ್ಲಗೆ ಬೇಟಾ, ಮೆಲ್ಲಗೆ’ ಎಂದು ಗೈಡ್ ಹಿಂದಿನಿಂದ ಹಿಂದಿಯಲ್ಲಿ ಕೂಗುತ್ತಲೇ ಇದ್ದರು.

ರಾತ್ರಿ ಆಕೆಗೆ ತಲೆನೋವು. ರೊಟ್ಟಿ ಮುಟ್ಟಲಿಲ್ಲ. ನಡುರಾತ್ರಿ ಎರಡು ಸಲ ವಾಂತಿ. ಬೆಳಗ್ಗೆಯೂ ತಲೆ ಎತ್ತಲಾಗುತ್ತಿರಲಿಲ್ಲ. ಗೈಡ್ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿ, ಟೆಂಟಿನ ಹೊರಗೆ ಕರೆದು, ನೆಟ್ಟಗೆ ಹತ್ತು ಹೆಜ್ಜೆ ನಡೆಸಿದರು. ನಡಿಗೆ ತಪ್ಪಿರಲಿಲ್ಲ. ಹಾಗೆ ತೂರಾಡಿದ್ದರೆ, ಅಥವಾ ಕೂತಲ್ಲೇ ಉಸಿರು ಕಟ್ಟಿದ್ದರೆ ಅದು ಜೀವಕ್ಕೇ ಅಪಾಯದ ಸೂಚನೆಯಂತೆ. ಆಮೇಲೆ ಎದುರಿನ ಕಣಿವೆ ತೋರಿಸಿ ಹೇಳಿದ ಮಾತು ನನಗಿನ್ನೂ ನೆನಪಿದೆ: ಇಲ್ಲಿಂದ ವಾಪಸ್ ಹೋಗುವ ದಾರಿ ಪೂರ್ತಿ ಇಳಿಜಾರು. ಇವತ್ತು ನಿಚ್ನೈ ಪಾಸ್ ದಾಟಿಬಿಟ್ಟರೆ, ನಾಳೆ ಹಿಂತಿರುಗಬೇಕೆಂದರೂ ಮತ್ತೆ 4,000 ಮೀಟರ್ ಹತ್ತಲೇಬೇಕು.

ಗೆಳತಿ ಹೆಚ್ಚು ಹೊತ್ತು ಯೋಚಿಸಲಿಲ್ಲ. ‘ನಾನು ಇಳೀತೀನಿ’ ಎಂದಳು. ನಾನೂ ಚೀಲ ಕಟ್ಟತೊಡಗಿದೆ. ‘ನಿಂಗೇನಾಗಿದೆ ಮಾರಾಯ್ತಿ? ಇಬ್ರ ದುಡ್ಡೂ ಯಾಕೆ ನೀರಿಗೆ ಹಾಕೋದು? ಹೋಗಿ ಎಲ್ಲಾ ಸರಿಯಾಗಿ ನೋಡ್ಕೊಂಡು ಬಾ. ಫೋಟೋ ಬೇಡ, ಕೂತು ಹೇಳು’ ಎಂದು ಬೈದೇ ಕಳಿಸಿದಳು. ಸಹಾಯಕ ಗೈಡ್ ಮತ್ತು ಒಂದು ಕುದುರೆಯ ಜೊತೆ ಆಕೆ ಕೆಳಗೆ, ನಾನು ಮೇಲೆ. ಮುಂದಿನ ದಾರಿಯಲ್ಲಿ ಮೊಬೈಲ್ ನೆಟ್‌ವರ್ಕ್ ಇಲ್ಲ. ಆರು ದಿನ ಆಕೆಯ ಸುದ್ದಿ ಇಲ್ಲದೆ ನಡೆಯಬೇಕಿತ್ತು.

ಆಕೆಗೆ ಹೇಳಬೇಕಲ್ಲ ಎಂಬ ಕಾರಣಕ್ಕೆ ನಾನು ಎಲ್ಲವನ್ನೂ ನಿಂತು ನೋಡಿದೆ, ಕೇಳಿದೆ. ಕಾಶ್ಮೀರಿಯಲ್ಲಿ ‘ಸರ್’ ಎಂದರೆ ಸರೋವರ. ನಮ್ಮ ‘ಸರಸ್ಸು’ವಿನ ಬಳಗದ ಪದವೇ. ವಿಷನ್‌ಸರ್ ವಿಷ್ಣುವಿನದು, ಕ್ರಿಷನ್‌ಸರ್ ಕೃಷ್ಣನದು. ‘ಗಡ್’ ಎಂದರೆ ಮೀನು. ಸತ್‌ಸರ್ ಎಂದರೆ ಏಳು ಕೊಳಗಳ ಗುಂಪು. ಇವನ್ನು ಯಾರೂ ಕಟ್ಟಿಸಿದ್ದಲ್ಲ. ಹಿಂದೆ ಇಲ್ಲಿ ಹರಿಯುತ್ತಿದ್ದ ಹಿಮನದಿಗಳು ಬಂಡೆಯನ್ನು ಬಟ್ಟಲಿನಂತೆ ಕೊರೆದು, ತಾವು ತಂದ ಕಲ್ಲುಮಣ್ಣನ್ನೇ ಏರಿಯಾಗಿ ಬಿಟ್ಟು ಹಿಂದೆ ಸರಿದವು. ಆ ಬಟ್ಟಲಲ್ಲಿ ಹಿಮ ಕರಗಿದ ನೀರು ನಿಂತಿತು. ಹಿಮನದಿ ಅರೆದ ಬಂಡೆಯ ನುಣುಪು ಹುಡಿ ನೀರಲ್ಲಿ ತೇಲುವುದರಿಂದ ಬಿಸಿಲು ಬಿದ್ದಾಗ ಆ ಹಸಿರು-ನೀಲಿ ಬಣ್ಣ ಬರುತ್ತದೆ. ಬೆಳಗ್ಗೆ ಬೂದು, ಮಧ್ಯಾಹ್ನ ನವಿಲುಗರಿ, ಸಂಜೆಗೆ ಕಪ್ಪು. ಒಂದೇ ಸರೋವರ ಮೂರು ಸಲ ನೋಡಬೇಕು.

ಗಡ್‌ಸರ್ ಪಾಸ್ ಹತ್ತುವ ದಿನ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತೆ. ತಿರುಗಿ ನೋಡಿದರೆ ಕೆಳಗೆ ವಿಷನ್‌ಸರ್, ಕ್ರಿಷನ್‌ಸರ್ ಎರಡೂ ಒಟ್ಟಿಗೆ ಕಾಣುತ್ತವೆ. ಆಚೆ ಇಳಿದರೆ ಹೂವಿನ ಬಯಲು. ಬೇಸಿಗೆಗೆ ಕುರಿ, ಮೇಕೆ ಹೊಡೆದುಕೊಂಡು ಬರುವ ಬಕರ್‌ವಾಲ್ ಕುಟುಂಬಗಳು ಅಲ್ಲಲ್ಲಿ ಬಿಡಾರ ಹೂಡಿರುತ್ತವೆ. ಒಬ್ಬ ಅಜ್ಜಿ ಕೂರಿಸಿ ಉಪ್ಪು ಹಾಕಿದ ಚಹಾ ಕೊಟ್ಟರು. ಮೊದಲ ಗುಟುಕು ಕಷ್ಟ, ಮೂರನೆಯದು ಹಿತ. ಗಡಿ ನಿಯಂತ್ರಣ ರೇಖೆ ಬಹಳ ದೂರವಿಲ್ಲದ್ದರಿಂದ ಸೇನೆಯವರು ಗುರುತಿನ ಚೀಟಿ ನೋಡಿಯೇ ಮುಂದೆ ಬಿಡುತ್ತಾರೆ.

ಕೊನೆಗೆ ಗಂಗಾಬಲ್. ಸುಮಾರು ಎರಡೂವರೆ ಕಿ.ಮೀ. ಉದ್ದದ ನೀರು, ನೆತ್ತಿಯ ಮೇಲೆ 5,142 ಮೀಟರ್‌ನ ಹರ್ಮುಖ್ ಶಿಖರ. 12ನೇ ಶತಮಾನದಲ್ಲಿ ಕಲ್ಹಣ ಬರೆದ ‘ರಾಜತರಂಗಿಣಿ’ಯಲ್ಲೂ ಈ ಪರ್ವತದ ಹೆಸರಿದೆ. ಅಲ್ಲಿ ಗೈಡ್ ಒಂದು ಸೋಜಿಗ ಹೇಳಿದರು. ಗಂಗಾಬಲ್‌ನ ನೀರು ನುಂದ್‌ಕೋಲ್‌ಗೆ ಇಳಿದು, ಸಿಂಧ್ ಎಂಬ ಹೊಳೆ ಸೇರಿ, ಶ್ರೀನಗರದ ಹತ್ತಿರ ಝೇಲಂಗೆ ಕೂಡುತ್ತದೆ. ವಿಷನ್‌ಸರ್‌ನ ನೀರು ಬೆಟ್ಟದ ಆಚೆ ಬದಿಗೆ ಇಳಿದು, ಕಿಶನ್‌ಗಂಗಾ ಆಗಿ ಬಹುದೂರ ಸುತ್ತಿ, ಮುಜಫ್ಫರಾಬಾದ್‌ನಲ್ಲಿ ಅದೇ ಝೇಲಂ ಸೇರುತ್ತದೆ.

ನಾರಾನಾಗ್‌ಗೆ ಇಳಿಯುವಾಗ ಮೊಣಕಾಲು ನಡುಗಿತು. ಒಂದೇ ದಿನ ಸಾವಿರ ಮೀಟರ್‌ಗೂ ಹೆಚ್ಚು ಇಳಿಜಾರು. ಅಲ್ಲಿನ 8ನೇ ಶತಮಾನದ ಕಲ್ಲಿನ ದೇಗುಲಗಳ ಅವಶೇಷದ ಬಳಿ ಮೊಬೈಲ್ ಮತ್ತೆ ಜೀವ ತಳೆಯಿತು. ಆಕೆಯ ಸಂದೇಶ ಆರು ದಿನದಿಂದ ಕಾಯುತ್ತಿತ್ತು: ‘ಸೋನಮರ್ಗ್ ತಲುಪಿದೆ. ತಲೆನೋವು ಹೋಯ್ತು. ಎರಡು ಪ್ಲೇಟ್ ಅನ್ನ ತಿಂದೆ.’ ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದೇ. ದಾಲ್ ದಂಡೆಯಲ್ಲಿ ಕೂತು ಎರಡು ಸಂಜೆ ನಾನು ಹೇಳಿದೆ, ಆಕೆ ಕೇಳಿದಳು. ಹೊಟ್ಟೆಕಿಚ್ಚಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿಯೂ ಬಿಟ್ಟಳು.

ಹೋಗುವ ಮನಸ್ಸಿದ್ದವರಿಗೆ ನಾಲ್ಕು ಮಾತು. ನಡಿಗೆ ಶುರುವಾಗುವ ಮೊದಲು ಸೋನಮರ್ಗ್‌ನಲ್ಲಿ ಒಂದೆರಡು ರಾತ್ರಿ ಉಳಿಯಿರಿ. ವಿಷನ್‌ಸರ್‌ನಲ್ಲಿ ಒಂದು ದಿನ ವಿಶ್ರಾಂತಿ ಇರುವ ತಂಡವನ್ನೇ ಆರಿಸಿ. ಎತ್ತರದ ಕಾಯಿಲೆಯ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ತಲೆನೋವನ್ನು ಗೈಡ್‌ಗೆ ಹೇಳಲು ನಾಚಬೇಡಿ. ಶೌಚ, ಪಾತ್ರೆ ತೊಳೆಯುವುದು ಎಲ್ಲವೂ ನೀರಿನಿಂದ ಕನಿಷ್ಠ 60 ಮೀಟರ್ ದೂರದಲ್ಲಿ. ಸೋಪು ಸರೋವರಕ್ಕೆ ಮುಟ್ಟಿಸಬೇಡಿ. ಭದ್ರತೆಯ ಕಾರಣಕ್ಕೆ ಅನುಮತಿಯ ನಿಯಮಗಳು ಬದಲಾಗುತ್ತಿರುತ್ತವೆ. ದಾರಿ ತೆರೆದಿದೆಯೇ ಎಂದು ವಿಚಾರಿಸಿಯೇ ಟಿಕೆಟ್ ಮಾಡಿಸಿ.

ಗೆಳತಿಗೆ ಈಗ ಕೆಲಸ ಸಿಕ್ಕಿದೆ. ನಾನಿನ್ನೂ ಪರೀಕ್ಷೆಗಳನ್ನು ಬರೆಯುತ್ತಿದ್ದೇನೆ. ದಾರಿ ತೆರೆದಿದ್ದರೆ ಮುಂದಿನ ಜುಲೈಗೆ ಆಕೆ ಮತ್ತೆ ಹೊರಡುತ್ತಾಳೆ, ಸೋನಮರ್ಗ್‌ನಲ್ಲಿ ಎರಡು ರಾತ್ರಿ ಉಳಿಯುವ ಲೆಕ್ಕ ಹಾಕಿಕೊಂಡು. ರಜೆ ಚೀಟಿಯನ್ನು ಈಗಲೇ ಬರೆದಿಟ್ಟಿದ್ದಾಳೆ.