ಡಿಕ್ಕಿ ಲಾಕ್ ಒಡೆದಿದ್ದಾರಾ? ಗ್ಯಾರೇಜಿಗೆ ಹೋಗುವ ಮುನ್ನ ಇಷ್ಟು ಮಾಡಿ

ರಾತ್ರಿ ನಿಲ್ಲಿಸಿದ ಕಾರಿನ ಡಿಕ್ಕಿ ಮೀಟಿ ಕಳ್ಳರು ಸಾಮಾನು ಹೊತ್ತೊಯ್ದರೆ ಹೆಚ್ಚಿನವರು ಮೊದಲು ಓಡುವುದು ಗ್ಯಾರೇಜಿಗೆ. ಹಾಗೆ ಮಾಡಿದರೆ ಬೆರಳಚ್ಚಿನ ಸಾಕ್ಷ್ಯವೂ, ವಿಮೆ ಹಣವೂ ಕೈತಪ್ಪಬಹುದು.

ಮೊದಲು ಏನೂ ಮುಟ್ಟದೆ ಫೋಟೋ ತೆಗೆದುಕೊಳ್ಳಿ. 112ಕ್ಕೆ ಕರೆ ಮಾಡಿ, ಠಾಣೆಗೆ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ವಿಮಾ ಕಂಪನಿಯ ಸರ್ವೇಯರ್ ನೋಡಿದ ಮೇಲಷ್ಟೇ ರಿಪೇರಿ ಮಾಡಿಸಿ.

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಖರ್ಚು ನಿಮ್ಮದೇ. ಫುಲ್ ಇನ್ಶೂರೆನ್ಸ್ ಇದ್ದರೂ 1500 ಸಿಸಿವರೆಗಿನ ಕಾರಿಗೆ ಮೊದಲ 1000 ರೂ. ಮಾಲೀಕರೇ ಭರಿಸಬೇಕು, ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಕೂಡ ಹೋಗುತ್ತದೆ. ಸಣ್ಣ ಬಿಲ್ ಆದರೆ ಲೆಕ್ಕ ಹಾಕಿ ನೋಡಿ. ಡಿಕ್ಕಿಯಲ್ಲಿದ್ದ ಅಂಗಡಿ ಮಾಲಿಗೆ ಕಾರಿನ ವಿಮೆ ಸಿಗುವುದಿಲ್ಲ.

ಇಡೀ ಲಾಕ್ ಬದಲಿಸಬೇಕಾ? ಡಿಕ್ಕಿ ತೆರೆದಿರುವಾಗಲೇ ಸ್ಕ್ರೂಡ್ರೈವರ್‌ನಿಂದ ಲಾಕ್‌ನ ಕೊಂಡಿ ಒತ್ತಿ ಮುಚ್ಚಿ, ಡ್ರೈವರ್ ಸೀಟಿನ ಪಕ್ಕದ ಲಿವರ್ ಎಳೆಯಿರಿ. ಕೊಂಡಿ ಬಿಟ್ಟುಕೊಂಡರೆ ಅದೂ, ಕೇಬಲ್ಲೂ ಸರಿ ಇವೆ. ಕೀ ಹಾಕುವ ಸಿಲಿಂಡರ್ ಮಾತ್ರ ಬದಲಿಸಿದರೆ ಸಾಕಾಗಬಹುದು. ಹೊಸ ಸಿಲಿಂಡರ್ ಹಳೇ ಕೀಗೇ ಹೊಂದುತ್ತದಾ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಡಿಕ್ಕಿಗೊಂದು, ಬಾಗಿಲಿಗೊಂದು ಕೀ ಇಟ್ಟುಕೊಳ್ಳಬೇಕಾಗುತ್ತದೆ.