ಚಗಳಿ ಚಟ್ನಿ ಹುಳಿ ಯಾಕೆ? ಈಸಲು ಹುಳದ ರುಚಿ ಹೇಗಿರುತ್ತೆ? ಇಲ್ಲಿದೆ ಮಾಹಿತಿ

ಬೇಲೂರು: ಮೊದಲ ಮಳೆ ಬಿದ್ದ ಸಂಜೆ ಅಂಗಡಿ ದೀಪಕ್ಕೆ ರೆಕ್ಕೆ ಹುಳ ಮುತ್ತಿಕೊಳ್ಳುತ್ತವೆ. ಬೆಳಗ್ಗೆ ಬಾಗಿಲು ತೆಗೆದವರಿಗೆ ರೆಕ್ಕೆ ಗುಡಿಸೋದೇ ಕೆಲಸ. ಇದೇ ಈಸಲು ಹುಳವನ್ನು ಹಳೇ ಮೈಸೂರು, ಮಲೆನಾಡು ಭಾಗದ ಹಳ್ಳಿಗಳಲ್ಲಿ ಹುರಿದು ತಿನ್ನೋರಿದ್ದಾರೆ. ಕಾಫಿ ತೋಟದ ಕಡೆ ಚಗಳಿ ಇರುವೆ ಚಟ್ನಿಯೂ ಹಳೇ ಅಡುಗೆಯೇ. "ಛೀ, ಹುಳಾನಾ?" ಅನ್ನೋರಿಗೂ ರುಚಿ ಹೇಗಿರುತ್ತೆ ಅನ್ನೋ ಕುತೂಹಲ ಇದ್ದೇ ಇರುತ್ತೆ.

ಚಗಳಿ: ನಿಂಬೆಹಣ್ಣಿನ ಹುಳಿ

ಎಲೆಗಳನ್ನು ಸೇರಿಸಿ ಹೊಲಿದು ಮರದ ಮೇಲೆ ಗೂಡು ಕಟ್ಟುವ ಕೆಂಪು ಇರುವೆಯೇ ಚಗಳಿ. ಅದರ ಮೈಯಲ್ಲಿರುವ ಫಾರ್ಮಿಕ್ ಆಮ್ಲವೇ ಕಚ್ಚಿದಾಗ ಉರಿಯೋದಕ್ಕೂ, ಚಟ್ನಿ ಹುಳಿಯಾಗೋದಕ್ಕೂ ಕಾರಣ. ಗೂಡು ಕೊಯ್ದು, ಇರುವೆ ಮತ್ತು ಬಿಳಿ ಮೊಟ್ಟೆ ಉದುರಿಸಿ, ಬಾಣಲೆಯಲ್ಲಿ ಬಾಡಿಸಿ, ಉಪ್ಪು, ಜೀರಿಗೆ ಮೆಣಸು, ಬೆಳ್ಳುಳ್ಳಿ, ಕಾಯಿ ಹಾಕಿ ಅರೆಯುತ್ತಾರೆ. ಹುಣಸೆಹಣ್ಣು ಬೇಕಾಗಲ್ಲ. ಅಕ್ಕಿರೊಟ್ಟಿಗೆ ಒಳ್ಳೇ ಜೋಡಿ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಇದೇ ಇರುವೆಯ ಚಟ್ನಿಗೆ 2024ರ ಜನವರಿಯಲ್ಲಿ ಜಿಐ ಟ್ಯಾಗ್ ಸಿಕ್ಕಿದೆ.

ಈಸಲು: ಹುರಿದ ಕಡಲೆಕಾಯಿ

ಹೊಸ ಗೂಡು ಕಟ್ಟಲು ಹೊರಡುವ ರೆಕ್ಕೆ ಗೆದ್ದಲು ಮೈತುಂಬ ಕೊಬ್ಬು ತುಂಬಿಕೊಂಡಿರುತ್ತೆ. ಹಾಗಾಗಿ ರೆಕ್ಕೆ ತೂರಿ ಬಾಣಲೆಗೆ ಹಾಕಿದ್ರೆ ತನ್ನ ಎಣ್ಣೆಯಲ್ಲೇ ಹುರಿಯುತ್ತೆ. ಹುರಿದ ಕಡಲೆಕಾಯಿಯ ಹಾಗೆ ಗರಿಗರಿ, ಸ್ವಲ್ಪ ಜಿಡ್ಡು. ಪುರಿ, ಹುರಿಗಡಲೆ ಜೊತೆ ಕಲಸಿ ತಿನ್ನೋರೂ ಇದ್ದಾರೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2013ರ ವರದಿ ಪ್ರಕಾರ ಜಗತ್ತಿನಲ್ಲಿ 1,900ಕ್ಕೂ ಹೆಚ್ಚು ಜಾತಿಯ ಕೀಟಗಳನ್ನು ತಿನ್ನುತ್ತಾರೆ.

ತಿನ್ನೋ ಮೊದಲು ಇದು ಗೊತ್ತಿರಲಿ

* ಚಗಳಿ ಇರೋ ಕಡೆ ಹಿಟ್ಟು ತಿಗಣೆ ಕಾಟ ಜಾಸ್ತಿ ಅಂತ ತೋಟಗಳಲ್ಲಿ ಇರುವೆಗೂ ಔಷಧಿ ಹೊಡೆಯುತ್ತಾರೆ. ಅಂಥ ಗೂಡು ಮುಟ್ಟಬೇಡಿ. ಗೆದ್ದಲಿಗೆ ಔಷಧಿ ಸುರಿದ ಹುತ್ತದ ಹುಳವೂ ಬೇಡ. ಹುರಿದರೆ ವಿಷ ಹೋಗುತ್ತೆ ಅನ್ನೋದನ್ನ ನಂಬಬೇಡಿ.

* ಸಿಗಡಿ, ಏಡಿ ತಿಂದರೆ ಮೈ ಕಡಿತ, ದದ್ದು ಬರುವವರಿಗೆ ಹುಳ ತಿಂದರೂ ಅಲರ್ಜಿ ಆಗಬಹುದು. ಉಸಿರು ಕಟ್ಟಿದ ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

* ಚಗಳಿ ಚಟ್ನಿ ಶೀತ, ಕೆಮ್ಮಿಗೆ ಒಳ್ಳೇದು ಅಂತಾರೆ. ಅದನ್ನ ನಂಬಿ ಡಾಕ್ಟರ್ ಕೊಟ್ಟ ಔಷಧಿ ನಿಲ್ಲಿಸಬೇಡಿ.

ಅರೇಹಳ್ಳಿ, ಬಿಕ್ಕೋಡು ಕಡೆ ತೋಟಕ್ಕೆ ಹೋಗೋರು ಗೂಡಿಗೆ ಕೈ ಹಾಕೋ ಮೊದಲು ರೈಟರ್ ಹತ್ರ ಒಂದು ಮಾತು ಕೇಳಿ: ಕೊನೇ ಸ್ಪ್ರೇ ಯಾವಾಗ ಹೊಡೆದಿದ್ದು? ಸರಿಯಾದ ಉತ್ತರ ಸಿಗಲಿಲ್ಲ ಅಂದ್ರೆ ಆ ದಿನ ಕಾಯಿಚಟ್ನಿಯೇ ಸಾಕು.