ಭಾಷಣಕಾರರಿಲ್ಲದ ಸಮ್ಮೇಳನ

ಅಮೆರಿಕದ ಹ್ಯಾರಿಸನ್ ಓವೆನ್ ೧೯೮೩ರಲ್ಲಿ ವರ್ಷವಿಡೀ ಶ್ರಮಿಸಿ ಸಮ್ಮೇಳನವೊಂದನ್ನು ಏರ್ಪಡಿಸಿದರು. ಬಂದವರು ಎಲ್ಲಕ್ಕಿಂತ ಮೆಚ್ಚಿದ್ದು ನಡುನಡುವಣ ಕಾಫಿಯ ಬಿಡುವನ್ನು! ಆ ಪಾಠದಿಂದ ೧೯೮೫ರಲ್ಲಿ 'ಓಪನ್ ಸ್ಪೇಸ್' ಪದ್ಧತಿ ಹುಟ್ಟಿತು.

ಅಂತರ್ಜಾಲದಲ್ಲಿ ಮನುಷ್ಯನ ಗುರುತಿಗೆ ಒಡೆಯನಾರೆಂದು ಚರ್ಚಿಸುವ ಕ್ಯಾಲಿಫೋರ್ನಿಯದ 'ಇಂಟರ್‌ನೆಟ್ ಐಡೆಂಟಿಟಿ ವರ್ಕ್‌ಶಾಪ್' ೨೦೦೫ರಲ್ಲಿ ಆರಂಭವಾಯಿತು. ಅದರದೂ ಇದೇ ಹಾದಿ. ಮುಂಜಾನೆ ಗೋಡೆ ಬರಿದಾಗಿರುತ್ತದೆ. ಪ್ರಶ್ನೆಯುಳ್ಳವರು ಎದ್ದು, ಅದನ್ನು ಹಾಳೆಯಲ್ಲಿ ಬರೆದು, ಸಭೆಗೆ ಸಾರಿ, ವೇಳೆ-ಸ್ಥಳ ಗೊತ್ತುಮಾಡಿ ಅಂಟಿಸುತ್ತಾರೆ. ಅಲ್ಲಿಗೆ ಕಾರ್ಯಕ್ರಮ ಸಿದ್ಧ! ಕಲಿಯಲೂ ಕಲಿಸಲೂ ಆಗದ ಕಡೆಯಿಂದ ಎದ್ದುಹೋಗುವುದು ಅಸಭ್ಯತೆಯಲ್ಲ; ಅದು 'ಎರಡು ಕಾಲುಗಳ ನಿಯಮ'.

ಯಂತ್ರವನ್ನು ಕಟ್ಟುವವರು ಕೆಲವರು, ಅದರ ಫಲವನ್ನು ಉಣ್ಣುವವರು ಎಲ್ಲರೂ. ಉಣ್ಣುವವನಿಗೂ ಪ್ರಶ್ನಿಸುವ ಹಕ್ಕುಂಟೆಂಬುದೇ ಆ ಬರಿಗೋಡೆಯ ನೀತಿ. ಆದರೆ, ಅಲ್ಲಿಗೆ ಬರಲಾರದವನ ಪ್ರಶ್ನೆಯನ್ನು ಅಂಟಿಸುವವರು ಯಾರು?